ಮಳೆ ಬಂದರೆ ಮಾತ್ರ ಬರುವ ನೆಟ್ಟು

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವವರಿಗೆ ಕೂರಲು ಜಾಗ ಸಿಗುವುದಿಲ್ಲ. ಮಾರಿಕುಪ್ಪಂನಿಂದ ಹೊರಟ ರೈಲು ನಮ್ಮಲ್ಲಿಗೆ ಬರುವಷ್ಟರಲ್ಲಿ ಕೆಜಿಎಫ್‌ನವರು ತಾವೂ ಕೂತು, ಮುಂದೆ ಹತ್ತುವ ಗೆಳೆಯರಿಗೆಂದು ಕರ್ಚೀಫು, ಟಿಫಿನ್ ಚೀಲ ಇಟ್ಟು ಸೀಟು ಹಿಡಿದಿರುತ್ತಾರೆ. ನಾನು ಬಾಗಿಲ ಪಕ್ಕದ ತಗಡಿಗೆ ಬೆನ್ನು ಕೊಟ್ಟು ನಿಂತೇ ಬೆಂಗಳೂರು ಕಂಡವಳು. ಮಗಳು ಅಂಗನವಾಡಿಗೆ ಹೋಗುವಾಗ ಶುರುವಾದ ಈ ನಿಲ್ಲುವಿಕೆ ಅವಳು ಪಿಯುಸಿಗೆ ಬಂದರೂ ಮುಗಿದಿಲ್ಲ. ಸಂಜೆ ಅದೇ ರೈಲಿನಲ್ಲಿ ವಾಪಸು, ಸ್ಟೇಷನ್ನಿನಿಂದ ಊರಿಗೆ ಷೇರ್ ಆಟೋ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ನೆಲ ಅಲ್ಲಾಡುತ್ತಲೇ ಇರುತ್ತದೆ.

ಬೆಂಗಳೂರಿನಲ್ಲಿ ನನ್ನ ಕೆಲಸ ಫೋನಿನದು. ಆರೋಗ್ಯ ವಿಮೆ ಮಾಡಿಸಿದವರು ಆಸ್ಪತ್ರೆಯಿಂದ ಫೋನು ಮಾಡುತ್ತಾರೆ, ನಾವು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಉತ್ತರ ಕೊಡುತ್ತೇವೆ. ನಮ್ಮ ಕಡೆಯವರಿಗೆ ಆ ಕೆಲಸ ಸಿಗುವುದು ಓದಿನಿಂದಲ್ಲ, ನಾಲಿಗೆಯಿಂದ. ಕನ್ನಡ ಮನೆಯದು, ತೆಲುಗು ಸಂತೆಯದು, ತಮಿಳು ಕೆಜಿಎಫ್‌ನದು. ಮೂರರಲ್ಲೂ 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎನ್ನಲು ಬರುತ್ತದೆ ಎಂದೇ ನನ್ನನ್ನು ತೆಗೆದುಕೊಂಡದ್ದು.

ಹೋದ ವರ್ಷ ಆಫೀಸಿನವರು ಕೆಲವರನ್ನು ಮನೆಯಲ್ಲೇ ಕೂರಿಸಿ ಕೆಲಸ ಮಾಡಿಸುವ ಯೋಚನೆ ಮಾಡಿದರು. ಒಂದು ತಿಂಗಳು ಪರೀಕ್ಷೆ. ಆ ತಿಂಗಳು ಕರೆಗಳು ಕಡಿಯದೆ ನಡೆದರೆ ಕಾಯಂ ಮನೆ, ಕಡಿದರೆ ಮತ್ತೆ ರೈಲು. ನಮ್ಮ ಮೇಲ್ವಿಚಾರಕಿ, ನನಗಿಂತ ಚಿಕ್ಕವಳು, ಒಳ್ಳೆಯವಳೇ, ನನ್ನ ಹೆಸರು ಸೇರಿಸುವಾಗ ಒಂದೇ ಮಾತು ಕೇಳಿದಳು: ನಿಮ್ಮ ಮನೆಯಲ್ಲಿ ನೆಟ್ ಇದೆಯಾ? ಇದೆ ಎಂದೆ. ಇರಲಿಲ್ಲ. ಆದರೆ ಆ ಗಳಿಗೆಯಲ್ಲಿ ನಮ್ಮ ಮನೆಯಲ್ಲಿ ಆನೆ ಇದೆಯಾ ಎಂದು ಕೇಳಿದ್ದರೂ ಇದೆ ಎನ್ನುತ್ತಿದ್ದೆ.

ನಮ್ಮ ಮನೆಯ ತಾರಸಿಯ ಮೇಲೆ ನಿಂತರೆ ಮೈಸೂರು ಮೈನ್ಸ್ ಕಡೆಯ ಸೈನೈಡ್ ಗುಡ್ಡಗಳು ಕಾಣುತ್ತವೆ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಗುಡ್ಡಗಳು. ಗಾಳಿಕಾಲದಲ್ಲಿ ಅವುಗಳ ಧೂಳು ಒಣಗಿದ ಬಟ್ಟೆಯ ಮೇಲೂ ಕೂರುತ್ತದೆ. ಕೇಬಲ್ಲಿನವರ ತಂತಿ ಆ ಗುಡ್ಡಗಳ ಆಚೆಗೇ ನಿಂತುಬಿಟ್ಟಿದೆ, ಈಚೆಗೆ ಬರುವುದಿಲ್ಲ. ಹಾಗಾಗಿ ನನಗೆ ಉಳಿದದ್ದು ತಂತಿ ಇಲ್ಲದ ನೆಟ್ಟು. ತಾರಸಿಯ ಮೇಲೆ ಒಂದು ಬಿಳಿ ಡಬ್ಬ ಹಾಕುತ್ತಾರೆ, ಅದು ದೂರದ ಟವರಿನಿಂದ ಸಿಗ್ನಲ್ ಹಿಡಿದು ಮನೆಯೊಳಗಿನ ಇನ್ನೊಂದು ಡಬ್ಬಕ್ಕೆ ಕಳಿಸುತ್ತದೆ. ಒಳಗಿನದರಲ್ಲಿ ಹಸಿರು ದೀಪ ಉರಿದರೆ ಸರಿ, ಕೆಂಪು ಉರಿದರೆ ನಮ್ಮ ಹಣೆಬರಹ.

ಅದನ್ನು ಹಾಕಲು ಬಂದವನು ಕೆಜಿಎಫ್‌ನ ನಂದಿದುರ್ಗ ಲೈನಿನವನು, ಗಣಿ ಕೆಲಸಗಾರರ ಸಾಲುಮನೆಗಳವನು, ನಡುವಯಸ್ಸಿನವನು. ಮೊದಲು ಮನೆಮನೆಗೆ ಟಿವಿ ಡಿಶ್ ಕೂರಿಸುತ್ತಿದ್ದನಂತೆ. ಮಾತು ಕನ್ನಡದಲ್ಲಿ ಹತ್ತಿ ತಮಿಳಿನಲ್ಲಿ ಇಳಿಯುತ್ತಿತ್ತು. ಅವನು ಬಂದ ಹೊತ್ತಿನಲ್ಲಿ ನಾನು ರೈಲಿನಲ್ಲಿದ್ದೆ. ನನ್ನ ಗಂಡ ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು ಬಾಗಿಲು ತೆಗೆದು, ಮೆಟ್ಟಿಲು ತೋರಿಸಿ, ಮತ್ತೆ ಮಲಗಿದರು. ನಮ್ಮತ್ತೆ ಡೈರಿಗೆ ಹಾಲು ಹಾಕಲು ಹೋಗಿದ್ದರು. ತಾರಸಿಯ ಮೂಲೆಯಲ್ಲಿ, ಮುಂದೆಂದಾದರೂ ಮಹಡಿ ಕಟ್ಟುವ ಆಸೆಗೆ ಬಿಟ್ಟ ಪಿಲ್ಲರಿನ ಕಂಬಿಗಳಿಗೆ ಅವನು ಎದೆಮಟ್ಟದ ಕಬ್ಬಿಣದ ಪೈಪು ಬಿಗಿದು, ಅದಕ್ಕೆ ಡಬ್ಬ ಸಿಕ್ಕಿಸಿ, ಒಳಗಿನ ಡಬ್ಬಕ್ಕೆ ವೈರು ಎಳೆದು ಹೋದ. ಸಂಜೆ ನಾನು ಬಂದಾಗ ಹಸಿರು ದೀಪ ಉರಿಯುತ್ತಿತ್ತು. ಮಗಳು ಆಗಲೇ ಅದರ ಎದುರು ಕೂತು ಪಾಠದ ವಿಡಿಯೋ ನೋಡುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು.

ಅತ್ತೆಯ ದಿನ ಎರಡು ಸೀಮೆಹಸುಗಳ ಸುತ್ತ ಸುತ್ತುತ್ತದೆ. ಬೆಳಿಗ್ಗೆ ಕರೆದು ಡೈರಿಗೆ, ಸಂಜೆ ಕರೆದು ಡೈರಿಗೆ. ಬೆಳಗಿನ ಹಾಲು ಹಾಕಿ ಬಂದ ಮೇಲೆ ಬೂದಿ, ಬಿಸಿನೀರು ಹಾಕಿ ಕ್ಯಾನು ತಿಕ್ಕಿ ತಾರಸಿಗೆ ಕೊಂಡೊಯ್ದು ಬಿಸಿಲಿಗೆ ಬೋರಲು ಹಾಕುತ್ತಾರೆ. ಕ್ಯಾನಿನಲ್ಲಿ ಒಂದು ಹನಿ ತೇವ ಉಳಿದರೂ ಹಾಲು ಹುಳಿಯುತ್ತದೆ, ಡೈರಿಯವನು ಮೂಸಿ ನೋಡಿ ಎಲ್ಲರೆದುರು ವಾಪಸು ಕೊಡುತ್ತಾನೆ. ಆ ಅವಮಾನ ಅತ್ತೆಗೆ ಸಾವಿಗಿಂತ ದೊಡ್ಡದು. ನೆಲದ ಮೇಲೆ ಇಟ್ಟರೆ ನಾಯಿ ನೆಕ್ಕುತ್ತದೆ, ಕೋಳಿ ಹತ್ತುತ್ತದೆ. ಅದಕ್ಕೇ ಮಂಡಿ ನೋವಿದ್ದರೂ ತಾರಸಿಗೇ ಹತ್ತುವುದು. ಇದೆಲ್ಲ ನನಗೆ ಕೇಳಿ ಗೊತ್ತಿತ್ತು. ಆ ಹೊತ್ತಿಗೆ ನಾನು ಯಾವತ್ತು ಮನೆಯಲ್ಲಿದ್ದೆ?

ಪರೀಕ್ಷೆಯ ತಿಂಗಳ ಮೊದಲ ದಿನ ಅತ್ತೆ ನನ್ನ ಕೋಣೆಯ ಮುಂದೆ ನೀರು ಹಾಕಿ ಗುಡಿಸಿದರು. ಒಳಗೆ ಆಫೀಸು ನಡೆಯುತ್ತಿದೆ, ಬಾಯಿ ಮಾಡಬೇಡಿ ಎಂದು ಪಕ್ಕದ ಮನೆಯವರಿಗೂ ಕೋಳಿಗಳಿಗೂ ಒಂದೇ ದನಿಯಲ್ಲಿ ಹೇಳಿದರು. ಮಧ್ಯಾಹ್ನ ಊಟದ ಬಿಡುವಿಗೆ ಹೊರಗೆ ಬಂದರೆ ಬಿಸಿ ಮುದ್ದೆ, ಬಸ್ಸಾರು. ಎಷ್ಟೋ ವರ್ಷಗಳಿಂದ ಆ ಹೊತ್ತಿಗೆ ನಾನು ತಿಂದದ್ದು ಡಬ್ಬಿಯ ತಣ್ಣನೆಯ ಚಿತ್ರಾನ್ನ. ಅತ್ತೆಯೂ ತಟ್ಟೆ ತಂದು ಎದುರಿಗೆ ಕೂತರು.

"ಒಬ್ಳೇ ಉಣ್ಣಾಕೆ ಕುಂತ್ರೆ ಮುದ್ದೆ ಗಂಟ್ಲಾಗೆ ಇಳೀತಿರ್ಲಿಲ್ಲ ಕಣಮ್ಮ," ಅಂದರು. "ನೀನು ಇಂಗೇ ಮನ್ಯಾಗೆ ಇದ್ಬುಡು."

ಇದ್ದುಬಿಡಬೇಕು ಎಂದು ನನಗೂ ಅಂದು ಅನ್ನಿಸಿದ ಹಾಗೆ ಇನ್ಯಾವತ್ತೂ ಅನ್ನಿಸಿರಲಿಲ್ಲ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ. ಕೆಲಸಕ್ಕೆ ಕೂತು ಸ್ವಲ್ಪ ಹೊತ್ತಿಗೆಲ್ಲ ಹಸಿರು ದೀಪ ಕೆಂಪಾಗುತ್ತಿತ್ತು. ಪೂರ್ತಿ ಸಾಯುತ್ತಿರಲಿಲ್ಲ, ಸತ್ತಿದ್ದರೆ ಒಂದು ತೀರ್ಮಾನವಾದರೂ ಆಗುತ್ತಿತ್ತು. ಎರಡು ಮಾತು ಹೋಗುತ್ತಿತ್ತು, ಮೂರನೆಯದು ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಕುಪ್ಪಂ ಕಡೆಯ ಅಜ್ಜ ಒಬ್ಬರು ಫೋನು ಮಾಡಿದ್ದರು. ಹೆಂಡತಿಗೆ ಆಪರೇಷನ್ ಆಗಿದೆ, ಬಿಡುಗಡೆ ಮಾಡುತ್ತಿಲ್ಲ, ವಿಮೆಯವರು ಒಪ್ಪಿಲ್ಲ ಅನ್ನುತ್ತಾರೆ, ಏನು ಮಾಡಲಿ ತಾಯಿ ಎಂದು ತೆಲುಗಿನಲ್ಲಿ ಕೇಳಿದರು. ಒಪ್ಪಿಗೆ ಆಗಿತ್ತು. ನನ್ನ ಕಣ್ಣೆದುರಿನ ಪರದೆಯ ಮೇಲೇ ಇತ್ತು. ಆಗಿದೆ ತಾತಾ, ಆಗಿದೆ ಎಂದು ನಾನು ಕೂಗುತ್ತಿದ್ದೆ, ಆ ಕಡೆಯಿಂದ ಅವರು ಅಲ್ಲೋ ಅಲ್ಲೋ ಅನ್ನುತ್ತಿದ್ದರು. ಆಮೇಲೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: ಇಟ್ಟುಬಿಟ್ಟಳು ಕಣೋ. ಆಮೇಲೆ ಏನೂ ಇಲ್ಲ. ಆ ದಿನ ಮುದ್ದೆ ನನ್ನ ಗಂಟಲಲ್ಲೂ ಇಳಿಯಲಿಲ್ಲ.

ನೆಟ್ಟಿನ ಕಂಪನಿಗೆ ಫೋನು ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಆದ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂದಳು. ಅದೇ ರಾಗ, ಅದೇ ಕಡೆ ಉಸಿರು. ಅವಳು ಮುಂದೆ ಏನು ಹೇಳುತ್ತಾಳೆ, ಎಲ್ಲಿ ಕಾಯಿರಿ ಅನ್ನುತ್ತಾಳೆ, ಕಾಯಿಸುವಾಗ ಪಕ್ಕದವಳ ಹತ್ತಿರ ಏನು ಮಾತಾಡುತ್ತಾಳೆ ಎನ್ನುವುದೂ ನನಗೆ ಗೊತ್ತಿತ್ತು. ರೇಗಿದರೆ ನನ್ನ ಮೇಲೇ ರೇಗಿಕೊಂಡ ಹಾಗೆ. ಡಬ್ಬ ಆರಿಸಿ ಹಾಕಿ ನೋಡಿ ಅಂದಳು. ಆರಿಸಿ ಹಾಕಿದೆ. ಕೆಂಪು ಹಾಗೇ ಇತ್ತು. ಬರುತ್ತಾರೆ, ನೋಡುತ್ತಾರೆ ಅಂದಳು.

ನಂದಿದುರ್ಗದವನು ಬಂದ. ಅವನು ಬರುವುದು ತನ್ನ ಬೇರೆ ಕೆಲಸಗಳನ್ನೆಲ್ಲ ಮುಗಿಸಿ, ಸಂಜೆ ಹಾಲು ಡೈರಿಗೆ ಹೋದ ಮೇಲೆ. ಅವನು ಬರುವ ಮೊದಲೇ ದೀಪ ಹಸಿರಾಗಿರುತ್ತಿತ್ತು. ಇಬ್ಬರೂ ತಾರಸಿಗೆ ಹತ್ತಿದೆವು. ಡಬ್ಬ ಬೆಳ್ಳಗೆ, ತಣ್ಣಗೆ, ಏನೂ ಅರಿಯದ ಮಗುವಿನಂತೆ ಗುಡ್ಡದ ಕಡೆ ನೋಡಿಕೊಂಡಿತ್ತು. ಅವನು ಮೊಬೈಲು ತೋರಿಸಿದ. "ಅಕ್ಕಾ, ನೀವೇ ಪಾರುಂಗೋ, ಸೂಪರಾ ಬರ್ತಾ ಐತೆ," ಅಂದ. ಹಗಲು ಬರುವುದಿಲ್ಲ ಎಂದರೆ ಸೈನೈಡ್ ಗುಡ್ಡದ ಕಡೆ ಕೈ ತೋರಿಸಿದ. ಬಿಸಿಲಿಗೆ ಆ ಮಣ್ಣು ಕಾದರೆ ಸಿಗ್ನಲ್ ಎದ್ದು ಮೇಲೆ ಹೋಗುತ್ತದೆ ಎಂದು ವಿವರಿಸಿದ. ನಾನು ನಂಬಿದೆ. ನೂರು ವರ್ಷದ ಗಣಿ ನಮ್ಮವರಿಗೆ ಕೊಡದೆ ಬಿಟ್ಟದ್ದನ್ನೆಲ್ಲ ಆ ಗುಡ್ಡಗಳ ಮೇಲೆ ಹಾಕಿ ನಮಗೆ ಅಭ್ಯಾಸವಿದೆ. ಇದೂ ಒಂದು ಎಂದುಕೊಂಡೆ.

ಮನೆಯಲ್ಲಿ ಯಾರೂ ನನ್ನ ಮಾತು ನಂಬಲಿಲ್ಲ. ಹಗಲು ಮಗಳು ಬಂಗಾರಪೇಟೆಯ ಕಾಲೇಜಿನಲ್ಲಿ, ಸಂಜೆ ಅವಳಿಗೆ ನೆಟ್ಟು ಹೊಳೆಯಂತೆ ಬರುತ್ತಿತ್ತು. ಗಂಡ ಹಗಲು ನಿದ್ದೆ, ಎದ್ದ ಮೇಲೆ ಕ್ರಿಕೆಟ್, ಒಂದು ಬಾಲೂ ನಿಲ್ಲದೆ. ನಿನಗೆ ಕೆಲಸದ ಟೆನ್ಷನ್ ಅಷ್ಟೇ ಅಂದರು. ಭಾನುವಾರ ಹಗಲು ಬರದಿದ್ದಾಗ ಮಾತ್ರ, ಊರಿನವರೆಲ್ಲ ಮನೆಯಲ್ಲಿ ಕೂತು ಸಿನಿಮಾ ನೋಡುತ್ತಿದ್ದಾರೆ, ಅದಕ್ಕೆ ಎಂದು ತಾವೇ ಕಾರಣ ಕಂಡುಕೊಂಡು ಮಗ್ಗುಲಾದರು.

ಒಂದು ವಿಚಿತ್ರ ನಡೆಯಿತು. ತಿಂಗಳ ನಡುವೆ ಒಂದು ದಿನ ಬೆಳಗಿನಿಂದ ಮಳೆ ಹಿಡಿಯಿತು. ಇವತ್ತು ಮುಗಿಯಿತು ನನ್ನ ಕಥೆ ಎಂದುಕೊಂಡು ಕೂತರೆ, ದೀಪ ಹಸಿರು. ಇಡೀ ದಿನ ಒಂದು ಕರೆಯೂ ಕಡಿಯಲಿಲ್ಲ. ಮಾರನೆಯ ದಿನ ಬಿಸಿಲು, ದೀಪ ಕೆಂಪು. ಇನ್ನೊಂದು ಮಳೆಯ ದಿನ, ಮತ್ತೆ ಹಸಿರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರಲ್ಲ, ಊರಿನವರ ನೆಟ್ಟೆಲ್ಲ ಮಳೆಗೆ ಹೋದರೆ ನಮ್ಮದು ಮಳೆಗೆ ಬರುತ್ತಿತ್ತು. ಗುಡ್ಡದ ಮಣ್ಣು ತಣ್ಣಗಾಗಿರಬೇಕು ಎಂದು ನಂದಿದುರ್ಗದವನ ಮಾತಿಗೆ ನಾನೇ ಸಾಕ್ಷಿ ಹೇಳಿಕೊಂಡೆ. ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಎದ್ದು ಮೋಡ ನೋಡುವುದೇ ಕೆಲಸವಾಯಿತು. ಕೋಲಾರ ಸೀಮೆಯಲ್ಲಿ ಮೋಡ ನೋಡದವರು ಯಾರೂ ಇಲ್ಲ, ಆದರೆ ವಿಮೆಯ ಫೋನಿಗಾಗಿ ಮಳೆ ಬೇಡಿದವಳು ನಾನೊಬ್ಬಳೇ ಇರಬೇಕು. ಮಳೆ ಬರಲಿಲ್ಲ. ಅದು ಯಾವತ್ತು ಕೇಳಿದ ಮಾತಿಗೆ ಬಂದಿದೆ?

ತಿಂಗಳ ಕೊನೆಗೆ ಮೇಲ್ವಿಚಾರಕಿ ಕೆಲಸದ ಹೆಡ್‌ಫೋನಿಗೇ ಕರೆ ಮಾಡಿದಳು. ಆ ಕರೆಯೂ ಎರಡು ಸಲ ಕಡಿಯಿತು, ಅವಳಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ನಿಮ್ಮ ಕೆಲಸದಲ್ಲಿ ತಪ್ಪಿಲ್ಲ, ನಿಮ್ಮೂರಿನ ನೆಟ್ ನಂಬುವ ಹಾಗಿಲ್ಲ, ಸೋಮವಾರದಿಂದ ಆಫೀಸಿಗೇ ಬನ್ನಿ ಅಂದಳು. ಇನ್ನೊಂದು ಅವಕಾಶ ಕೇಳಿದೆ. ಮುಂದೆ ಖಂಡಿತ ನೋಡೋಣ ಅಂದಳು. ಆ 'ಖಂಡಿತ' ನಮ್ಮ ವೃತ್ತಿಯ ಮಾತು. ಯಾರಿಗೆ ಏನೂ ಆಗುವುದಿಲ್ಲವೋ ಅವರಿಗೆ ನಾವು ಅದನ್ನು ಹೇಳುತ್ತೇವೆ.

ಹೊರಗೆ ಬಂದು ಅತ್ತೆಗೆ ಹೇಳಿದೆ. ಸೋಮವಾರ ಡಬ್ಬಿಗೆ ಏನು ಹಾಕಲಿ ಎಂದು ಅವರು ಕೇಳಿದರು.

ಮತ್ತೆ ಬೆಳಗಿನ ರೈಲು, ಬಾಗಿಲ ಪಕ್ಕದ ತಗಡು. ಮನೆಯಲ್ಲಿ ಕೂತ ತಿಂಗಳು ಕಾಲಿಗೆ ಆರಾಮದ ರುಚಿ ಹತ್ತಿಸಿತ್ತು, ಹಾಗಾಗಿ ನೋವು ಮೊದಲಿಗಿಂತ ಹೆಚ್ಚಾಯಿತು. ಮಾಲೂರು ಬರುವಷ್ಟರಲ್ಲಿ ಪಾದ ಉರಿಯುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಆ ಗುಡ್ಡಗಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಸ್ವಲ್ಪ ದಿನಕ್ಕೆ ಒಂದು ಹಬ್ಬದ ರಜೆ ಬಂತು. ಮಧ್ಯಾಹ್ನದ ಮೇಲೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಅತ್ತೆ, ಇವತ್ತು ಮಂಡಿ ಮಡಚಲು ಆಗುತ್ತಿಲ್ಲ, ತಾರಸಿಯ ಮೇಲಿಂದ ಕ್ಯಾನು ತಂದುಕೊಡು ಅಂದರು. ಹತ್ತಿದೆ.

ಬಿಸಿಲಿಗೆ ಮೊದಲು ಹೊಳೆದದ್ದು ಕ್ಯಾನು. ಅಗಲ ಬಾಯಿಯ ಅಲ್ಯುಮಿನಿಯಂ ಕ್ಯಾನು, ಮೂಲೆಯ ಕಬ್ಬಿಣದ ಪೈಪಿನ ತುದಿಗೆ ಬೋರಲಾಗಿ ಕೂತಿತ್ತು. ಬಿಳಿ ಡಬ್ಬ ಎಲ್ಲಿ ಎಂದು ಸುತ್ತ ನೋಡಿದೆ. ಕಾಣಲಿಲ್ಲ. ಕ್ಯಾನು ಎತ್ತಿದೆ. ಡಬ್ಬ ಅದರೊಳಗಿತ್ತು. ಎತ್ತಿದ ಸ್ವಲ್ಪ ಹೊತ್ತಿಗೆ ಸೊಂಟದಲ್ಲಿದ್ದ ನನ್ನ ಮೊಬೈಲಿಗೆ, ಬೆಳಗಿನಿಂದ ಬಾರದೆ ಉಳಿದಿದ್ದ ಹಬ್ಬದ ಶುಭಾಶಯಗಳೆಲ್ಲ ಒಂದರ ಹಿಂದೆ ಒಂದು ಬಂದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು.

ನಿಂತಲ್ಲೇ ಎಲ್ಲ ಹೊಂದಿಕೊಂಡಿತು. ಕ್ಯಾನು ಬೆಳಿಗ್ಗೆ ಹತ್ತುತ್ತದೆ, ಸಂಜೆ ಕರೆಯುವ ಹೊತ್ತಿಗೆ ಇಳಿಯುತ್ತದೆ. ಮಳೆ ಬಂದ ದಿನ ಒಲೆಯ ಪಕ್ಕ ಒಣಗುತ್ತದೆ. ಆ ಮೂಲೆಯಲ್ಲಿ ಮೊದಲು ಒಂದು ಕವಲುಕೊಂಬೆ ಕಟ್ಟಿತ್ತು, ನಾನು ಮದುವೆಯಾಗಿ ಬಂದಾಗಲೂ ಇತ್ತು. ಅದು ಅತ್ತೆಯ ಕ್ಯಾನಿನ ಗೂಟ. ಡಬ್ಬ ಹಾಕಲು ಬಂದವನು ಅದನ್ನು ಒಣಕಟ್ಟಿಗೆ ಎಂದು ಕಿತ್ತೆಸೆದು, ಅದೇ ಕಂಬಿಗೆ, ಅದೇ ಎತ್ತರಕ್ಕೆ ಪೈಪು ಕಟ್ಟಿದ್ದಾನೆ. ಅತ್ತೆಗೆ ನೆಟ್ಟು ಎಂದರೆ ನನ್ನ ಕೋಣೆಯಲ್ಲಿ ದೀಪ ಮಿಣುಕಿಸುವ ಡಬ್ಬ, ಪೈಪಿನ ತುದಿಯದು ಅವರ ಮಂಜುಗಣ್ಣಿಗೆ ಗೂಟದ ತಲೆ ಅಷ್ಟೇ. ಮೇಲೆ ಇನ್ನೊಂದು ಇದೆ ಎಂದು ಅವರಿಗೆ ಹೇಳಿದವರು ಯಾರು?

ಆದರೂ ಸಿಟ್ಟು ಬಂತು. ಇಲ್ಲ ಎಂದರೆ ಸುಳ್ಳಾಗುತ್ತದೆ. ರೈಲು, ಉರಿಯುವ ಪಾದ, ಕುಪ್ಪಂನ ಅಜ್ಜ, ಇಟ್ಟುಬಿಟ್ಟಳು ಎಂಬ ಮಾತು, ಎಲ್ಲವೂ ಒಟ್ಟಿಗೆ ಬಾಯಿಗೆ ಬಂತು. ಕ್ಯಾನು ಹಿಡಿದು ದಡದಡ ಮೆಟ್ಟಿಲು ಇಳಿದೆ. ಅತ್ತೆ ಕ್ಯಾನು ಇಸಿದುಕೊಂಡು, ಒಳಗೆ ಕೈ ಆಡಿಸಿ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. ಮುಖ ಅರಳಿತು.

"ನೋಡು, ಎಂಗ್ ಒಣಗೈತೆ," ಅಂದರು. "ಆ ಕೊಂಬೆ ಗಾಳಿ ಬಂದ್ರೆ ಓಲಾಡಿ ಕ್ಯಾನು ಬೀಳ್ತಿತ್ತು. ಇಷ್ಟು ವರ್ಷ ಈ ಮನೆ ಗಂಡುಸ್ರು ಒಬ್ರಿಗೂ ತೋಚ್ಲಿಲ್ಲ. ನೀನು ನಂಗೆ ಕಬ್ಣದ್ ಗೂಟ ಆಕ್ಸ್‌ಕೊಟ್ಟೆ. ಡೈರಿ ತಾವ ಎಲ್ರಿಗೂ ಯೋಳಿವ್ನಿ, ನನ್ ಸೊಸೆ ನಂಗೋಸ್ಕರ ಆಕ್ಸವ್ಳೆ ಅಂತ."

ತೆರೆದ ಬಾಯಿ ಮುಚ್ಚಿದೆ. ಈ ಮನೆಗೆ ಬಂದಾಗಿನಿಂದ ಅತ್ತೆಗೆಂದೇ ನಾನು ಏನಾದರೂ ಮಾಡಿದ್ದೇನೆಯೇ ಎಂದು ನೆನೆಸಿಕೊಂಡೆ. ಸೀರೆ ತಂದಿದ್ದೇನೆ, ಮಾತ್ರೆ ತಂದಿದ್ದೇನೆ, ಅವೆಲ್ಲ ಎಲ್ಲರೂ ತರುವಂಥವು. ಡೈರಿಯಲ್ಲಿ ಹೇಳಿಕೊಳ್ಳುವಂಥದ್ದು ಇದೊಂದೇ, ಅದನ್ನೂ ನಾನು ಮಾಡಿರಲಿಲ್ಲ. "ಚೆನ್ನಾಗಿ ಒಣಗ್ತದಾ ಅತ್ತಮ್ಮ?" ಎಂದು ಮಾತ್ರ ಕೇಳಿದೆ.

ಮೇಲ್ವಿಚಾರಕಿಗೆ ಮತ್ತೆ ಹೇಳಿ ನೋಡಿದೆ. ನೆಟ್ ಸರಿಯಾಗಿದೆ, ಕಾರಣ ಸಿಕ್ಕಿದೆ ಎಂದೆ. ಏನು ಕಾರಣ ಎಂದಳು. ಹಾಲಿನ ಕ್ಯಾನು ಎಂದು ಬಾಯಿಬಿಡಲು ಆಗದೆ ಸಣ್ಣ ತೊಂದರೆ ಎಂದೆ. ಮನೆಯಿಂದ ಕೆಲಸ ಮಾಡುವವರ ಪಟ್ಟಿ ಮುಗಿದಿದೆ, ಮುಂದೆ ಖಂಡಿತ ನೋಡೋಣ ಅಂದಳು.

ಆ ಭಾನುವಾರ ಸಂಜೆ ನಂದಿದುರ್ಗದವನನ್ನು ಕರೆಸಿ, ಬಿಳಿ ಡಬ್ಬವನ್ನು ಬಿಚ್ಚಿ ಎದುರು ಮೂಲೆಯ ನೀರಿನ ಟ್ಯಾಂಕಿನ ಪಕ್ಕ ಹಾಕಿಸಿದೆ. ಕಾರಣ ಕೇಳಿದ, ಹೇಳಲಿಲ್ಲ. ಹಳೆಯ ಪೈಪನ್ನು ಬಿಚ್ಚಲು ಸ್ಪಾನರ್ ತೆಗೆದ. ಅದು ಅಲ್ಲೇ ಇರಲಿ ಎಂದೆ. ಸುಮ್ಮನೆ ತುಕ್ಕು ಹಿಡಿಯುತ್ತದೆ ಅಕ್ಕಾ ಅಂದ. ಹಿಡಿಯಲಿ, ಅದು ನಮ್ಮತ್ತೆಯದು ಎಂದೆ.

ಸದ್ದು ಕೇಳಿ ಅತ್ತೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಿದ್ದರು. ಟ್ಯಾಂಕಿನ ಪಕ್ಕದ ಡಬ್ಬವನ್ನು ನೋಡಿ ಅದೇನು ಎಂದು ಕೇಳಿದರು. ಒಳಗಿನ ಡಬ್ಬಕ್ಕೆ ನೆಟ್ಟು ಬರುವುದು ಇದರಿಂದಲೇ ಎಂದೆ. ಅವರು ಅದನ್ನೂ ನನ್ನನ್ನೂ ನೋಡಿದರು.

"ಅಂಗಾರೆ ಇಷ್ಟು ದಿನ ಇದು ಎಲ್ಲಿತ್ತು?"

ನಂದಿದುರ್ಗದವನು ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ. "ಇರ್ಲಿಲ್ಲ ಅತ್ತಮ್ಮ. ಇವತ್ತು ಆಕ್ಸಿದ್ದು."

"ಅದಕ್ಕೇ ಬತ್ತಿರ್ಲಿಲ್ಲ ಅನ್ನು," ಅಂದರು ಅತ್ತೆ. ಕಬ್ಬಿಣದ ಗೂಟದ ಮೇಲೆ ಕೈ ಇಟ್ಟುಕೊಂಡು ಉಸಿರು ಸುಧಾರಿಸಿಕೊಂಡರು. "ಮೊದ್ಲೇ ಆಕ್ಸಿದ್ರೆ ನೀನು ಮನ್ಯಾಗೇ ಇರ್ತಿದ್ದೆ. ಇಬ್ರೂ ಒಟ್ಗೆ ಉಣ್ತಿದ್ವಿ."

ಹೌದು ಅತ್ತಮ್ಮ ಎಂದೆ. ಬೆಳಿಗ್ಗೆ ರೈಲಿಗೆ ಏಳಬೇಕಿತ್ತು. ಅವರ ಕೈ ಹಿಡಿದುಕೊಂಡು ಮೆಟ್ಟಿಲು ಇಳಿಸಿದೆ.